ತೊಂಬತ್ತು ಸೆಂಟಿಮೀಟರಿನ ಬಾಗಿಲು

ಪಂಚತಾರಾ ಪದವಿಗೆ ಅರ್ಜಿ ಹಾಕಬೇಕೆಂದಿರುವ ಹೋಟೆಲು ಉದ್ಯಮದ ಬಂಧುಗಳು ಈಚೆಗೆ ನನ್ನನ್ನು ಕಂಡು, ಕಾಗದಪತ್ರಗಳನ್ನು ಹೇಗೆ ಜೋಡಿಸಬೇಕು, ಯಾರನ್ನು ಕಾಣಬೇಕು, ಈಜುಕೊಳವಿಲ್ಲದಿದ್ದರೆ ನಡೆದೀತೆ ಎಂದು ಮುಂತಾಗಿ ವಿಚಾರಿಸುತ್ತಿರುವುದುಂಟು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಅವರಿಗೂ ಅನುಕೂಲ, ನನ್ನ ಹೊಟ್ಟೆಯಲ್ಲಿ ಇನ್ನೂ ಆರದಿರುವ ಉರಿಗೂ ಕಿಂಚಿತ್ ಉಪಶಮನ. ಯಾರನ್ನು ಕಾಣಬೇಕೆಂಬ ಪ್ರಶ್ನೆಗೆ ಉತ್ತರ ಸುಲಭವಾದುದು: ಒಬ್ಬ ನುರಿತ ಬಡಗಿಯನ್ನು ಕಾಣಿರಿ, ನಿಮ್ಮ ಹೆಂಡತಿಯ ತಮ್ಮನು ಎಂಜಿನಿಯರನಾಗಿದ್ದರೆ ಅವನನ್ನು ಕಾಣಬೇಡಿರಿ.

ನಮ್ಮದು ಉಡುಪಿಯ ಕಡೆಯಿಂದ ಮೈಸೂರಿಗೆ ಬಂದು ನೆಲಸಿ, ಇಡ್ಲಿ ಸಾಂಬಾರುಗಳ ಬಲದಿಂದಲೇ ಮೇಲಕ್ಕೆ ಬಂದ ಮನೆತನ. ಗಲ್ಲಾದಲ್ಲಿ ಕುಳಿತು ಎಲೆಗಳ ಲೆಕ್ಕ ಬರೆಯುತ್ತಿದ್ದ ನಮ್ಮ ತೀರ್ಥರೂಪರಿಗೆ ನಕ್ಷತ್ರವೆಂದರೆ ಪಂಚಾಂಗದಲ್ಲಿರುವಂಥದು ಮಾತ್ರವೇ ಆಗಿತ್ತು. ವಸತಿಗೃಹವನ್ನು ಕಟ್ಟಿಸಿದ ಮೇಲೂ ನಾನು ತಾರೆಗಳ ಗೋಜಿಗೆ ಹೋಗದಿದ್ದುದು, ಮದ್ಯಶಾಲೆಯಿಲ್ಲದ ಹೋಟೆಲಿಗೆ ಮೇಲಿನ ಪದವಿ ದೊರೆಯದೆಂಬ ನಂಬಿಕೆಯಿಂದ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 2018ರ ಮಾರ್ಗಸೂಚಿಗಳಲ್ಲಿ ನಾಲ್ಕು ಮತ್ತು ಐದು ತಾರೆಗಳಿಗೆ ಮದ್ಯಸಹಿತ, ಮದ್ಯರಹಿತ ಎಂದು ಎರಡು ವರ್ಗಗಳಿರುವುದನ್ನು ನನ್ನ ಮೈದುನನು ಎಲ್ಲಿಯೋ ಓದಿ ಬಂದು, "ಭಾವ, ಇನ್ನು ನಿಮಗೆ ನೆಪವಿಲ್ಲ" ಎಂದನು. ತಾರೆಗಳಿಂದ ಹೋಟೆಲನ್ನು ಅಳೆಯುವ ಈ ಪದ್ಧತಿಯನ್ನು 1912ರಲ್ಲಿ ಬ್ರಿಟನ್ನಿನ ಆಟೋಮೊಬೈಲ್ ಅಸೋಸಿಯೇಷನ್ನಿನಲ್ಲಿ ಆರಂಭಿಸಿದ ಅದರ ಕಾರ್ಯದರ್ಶಿ ಸ್ಟೆನ್ಸನ್ ಕುಕ್ ಮಹಾಶಯನು ಹಿಂದೆ ಮದ್ಯದ ವ್ಯಾಪಾರದಲ್ಲಿದ್ದವನೆಂದೂ, ಬ್ರಾಂದಿಯ ಸೀಸೆಯ ಮೇಲಣ ನಕ್ಷತ್ರಗಳೇ ಅವನಿಗೆ ಮಾದರಿಯಾದುವೆಂದೂ ಆಮೇಲೆ ತಿಳಿಯಿತು. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ನಮ್ಮ ಅಡುಗೆ ಭಟ್ಟರಿಗೆ ಈ ಸಂಗತಿಯನ್ನು ನಾನು ಹೇಳಲಿಲ್ಲ.

ವರ್ಗೀಕರಣವು ಐಚ್ಛಿಕ, ಯಾರೂ ನಿಮ್ಮನ್ನು ಬಲಾತ್ಕರಿಸುವುದಿಲ್ಲ. ಒಮ್ಮೆ ಇಚ್ಛಿಸಿದಿರೋ, ಆಮೇಲೆ ಎಲ್ಲವೂ ಕಡ್ಡಾಯ. ಕೋಣೆಯ ವಿಸ್ತಾರ ಒಂದು ತಾರೆಗೆ 120 ಚದರಡಿಯಾದರೆ ಐದಕ್ಕೆ 200. ಅಗ್ನಿಶಾಮಕದವರ ಒಪ್ಪಿಗೆ, ಮಳೆನೀರಿನ ಸಂಗ್ರಹ, ಕೊಳಚೆನೀರಿನ ಶುದ್ಧೀಕರಣ, ತರಬೇತಿ ಪಡೆದ ಸಿಬ್ಬಂದಿ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಇದರ ನಡುವೆ ಅಂಗವಿಕಲ ಅತಿಥಿಗಳಿಗಾಗಿ ಒಂದು ಕೋಣೆ ಇರಬೇಕೆಂದೂ, ಅದರ ಬಾಗಿಲೂ ಸ್ನಾನಗೃಹದ ಬಾಗಿಲೂ ಕನಿಷ್ಠ 90 ಸೆಂಟಿಮೀಟರ್ ಅಗಲವಾಗಿರಬೇಕೆಂದೂ ವಿಧಿಯುಂಟು. ನಕ್ಷೆಯಲ್ಲಿ ನಮ್ಮ ಬಾಗಿಲು ತೊಂಬತ್ತೇ ಇದ್ದಿತು. ಗೋಡೆ ಎದ್ದಾಗಲೂ ತೊಂಬತ್ತೇ ಇದ್ದಿತು. ಆದರೆ ಪಂಚತಾರಾ ಎಂದಮೇಲೆ ಕಣ್ಣಿಗೆ ಶ್ರೀಮಂತಿಕೆ ಕಾಣಬೇಡವೆ ಎಂದು ಮೈದುನನು ಎಲ್ಲ ಬಾಗಿಲುಗಳ ಒಳಮೈಗೂ ಹಂಸ ಪದ್ಮಗಳ ಕೆತ್ತನೆಯಿದ್ದ ದಪ್ಪನೆಯ ತೇಗದ ಪಟ್ಟಿಗಳನ್ನು ಹೊಡೆಯಿಸಿದ್ದನು. "ಇಷ್ಟೊಂದು ಬೇಕೆ?" ಎಂದು ಕೇಳಿದ್ದಕ್ಕೆ, ದುಬೈಯ ಏಳು ತಾರೆಗಳ ಹೋಟೆಲಿನ ಚಿತ್ರವನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಿದನು. ಆ ಏಳು ತಾರೆಗಳನ್ನು ಯಾವ ಸರಕಾರವೂ ಕೊಟ್ಟುದಲ್ಲವೆಂದೂ, ಅದು ಪತ್ರಿಕೆಯವರ ಹೊಗಳಿಕೆಯೆಂದೂ ಆಗ ನನಗೆ ಗೊತ್ತಿದ್ದಿದ್ದರೆ!

ಪರಿಶೀಲನೆಯ ದಿನ ಬೆಳಗ್ಗೆಯೇ ಸಮಿತಿಯವರು ಬಂದರು. ಅಡುಗೆಮನೆ, ಉಗ್ರಾಣ, ಜನರೇಟರು, ಈಜುಕೊಳ ಎಲ್ಲವೂ ನಿರ್ವಿಘ್ನವಾಗಿ ಮುಗಿದು, ಇನ್ನೇನು ಊಟಕ್ಕೆ ಏಳಬೇಕೆನ್ನುವಾಗ, ಅವರಲ್ಲಿ ಅತ್ಯಂತ ಮಿತಭಾಷಿಗಳಾಗಿದ್ದ ಹಿರಿಯ ಸದಸ್ಯರೊಬ್ಬರು ಆ ವಿಶೇಷ ಕೋಣೆಯನ್ನು ನೋಡೋಣವೆಂದರು. ನೋಡಿದರು, ಟೇಪನ್ನು ಹಿಡಿದರು, ಏನೂ ಹೇಳಲಿಲ್ಲ. ಹೋಟೆಲಿನ ಗಾಲಿಕುರ್ಚಿಯನ್ನು ತರಿಸಿ, ತಾವೇ ಅದರಲ್ಲಿ ಕುಳಿತು, ಚಾಳೀಸನ್ನು ಸರಿಪಡಿಸಿಕೊಂಡು, "ತಳ್ಳಿ ಸ್ವಾಮಿ, ನಾನು ಸ್ನಾನಕ್ಕೆ ಹೋಗಬೇಕು" ಎಂದರು. ಮಾಲೀಕನಾದ ನಾನೇ ತಳ್ಳಿದೆನು. ಬಲಗಡೆಯ ಚಕ್ರವು ಒಂದು ಹಂಸದ ಕೊರಳಿಗೆ ತಗುಲಿ ನಿಂತಿತು. ಹಿಂದಕ್ಕೆಳೆದು ಎಡಕ್ಕೆ ಓರೆಮಾಡಿ ತಳ್ಳಿದಾಗ ಎಡಗಡೆಯ ಪದ್ಮವು ಅವರ ಬೆರಳಿಗೂ ಚಕ್ರದ ಅಂಚಿಗೂ ನಡುವೆ ಸಿಕ್ಕಿ, ಅವರು ಕೈಯನ್ನು ಥಟ್ಟನೆ ಎಳೆದುಕೊಂಡರು. ಮೂರನೆಯ ಸಲ ನಾನು ಕೊಂಚ ಬಲವಾಗಿಯೇ ನೂಕಿರಬೇಕು; ಕುರ್ಚಿಯು ಅರ್ಧ ಒಳಗೆ ಅರ್ಧ ಹೊರಗೆ ಕಚ್ಚಿಕೊಂಡು, ಮುಂದಕ್ಕೂ ಬಾರದೆ ಹಿಂದಕ್ಕೂ ಬಾರದೆ ನಿಂತುಬಿಟ್ಟಿತು.

ಇಂಥ ಸಮಯದಲ್ಲಿ ಮೌನವಾಗಿರಬೇಕೆಂಬ ಲೋಕಜ್ಞಾನವು ಯಾರಿಗಾದರೂ ಇರುತ್ತದೆ. ಮೈದುನನು ಮಾತ್ರ ನಕ್ಷೆಯ ಸುರುಳಿಯನ್ನು ಬಿಚ್ಚಿ, ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಆ ಹಿರಿಯರ ತಲೆಯ ಮೇಲಿಂದಲೇ ಅದನ್ನು ಚಾಚಿ, ಗೋಡೆಯಿಂದ ಗೋಡೆಗೆ ಅಳೆಯುವುದೇ ಶಾಸ್ತ್ರವೆಂದೂ, ಚೌಕಟ್ಟು ಕೇವಲ ಅಲಂಕಾರವೆಂದೂ, ವಿಧಿಯಲ್ಲಿ ಬಾಗಿಲಿನ ಅಗಲವೆಂದಿದೆಯೇ ಹೊರತು ದಾರಿಯ ಅಗಲವೆಂದಿಲ್ಲವೆಂದೂ ವಾದಿಸತೊಡಗಿದನು. ಹಿಡಿಕೆಗಳನ್ನು ಬಿಟ್ಟರೆ ಅವಮರ್ಯಾದೆ, ಹಿಡಿದುಕೊಂಡೇ ಇದ್ದರೆ ಅಪಹಾಸ್ಯ ಎಂಬಂಥ ಸ್ಥಿತಿಯಲ್ಲಿ ನಾನು ನಿಂತಿದ್ದೆನು. ಕೋಣೆಯ ಬಾಗಿಲಲ್ಲಿ ಮಾಣಿಗಳು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದರು. ವಾದವೆಲ್ಲ ಮುಗಿಯುವವರೆಗೂ ಎದುರಿನ ಕಮೋಡನ್ನೇ ನೋಡುತ್ತ ಕುಳಿತಿದ್ದ ಆ ಸದಸ್ಯರು ಕೊನೆಗೆ, "ಗಾಲಿಕುರ್ಚಿಗೆ ನಕ್ಷೆ ಓದಲು ಬರುವುದಿಲ್ಲವಲ್ಲ, ಸ್ವಾಮಿ" ಎಂದರು. ಬಡಗಿಯನ್ನು ಕರೆಸಿ ಒಂದು ಪಟ್ಟಿಯನ್ನು ಕೀಳಿಸಿದ ಮೇಲೆಯೇ ಅವರನ್ನು ಹೊರಗೆ ತೆಗೆದುದು. ನ್ಯೂನತೆಯನ್ನು ಬರೆದುಕೊಂಡರು; ಸರಿಪಡಿಸಿ ವರದಿಮಾಡಲು ಅವಧಿ ಕೊಟ್ಟರು.

ಅವರ ಮೇಲೆ ನನಗೆ ಕೋಪವಿಲ್ಲ. ಅವರ ಜೊತೆಗೆ ಬಂದಿದ್ದ ಮತ್ತೊಬ್ಬ ಸದಸ್ಯರ ಮೇಲೆ ಇದೆ. ಭಟ್ಟರು ನಸುಕಿನಲ್ಲಿ ಎದ್ದು ಮಾಡಿದ್ದ ಅಡುಗೆಯನ್ನು ಮುಟ್ಟದೆ, ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ಸರಿಸಿ, ಅಡುಗೆಮನೆಯ ಹೆಂಚುಗಳ ನಡುವಣ ಸಂದುಗಳ ವಿಚಾರವನ್ನೇ ಅವರು ಮಾತನಾಡಿದರು. ಪಟ್ಟಿಯಲ್ಲಿ ಸಾಂಬಾರಿನ ರುಚಿಗೆ ಕಲಮಿಲ್ಲದಿರುವುದು ನ್ಯಾಯವೇ, ರುಚಿಗೆ ಟೇಪು ಹಿಡಿಯಲಾಗದು. ಆದರೂ ಒಂದು ತುತ್ತು ಬಾಯಿಗಿಟ್ಟುಕೊಳ್ಳಬಾರದೆಂದು ಯಾವ ಮಾರ್ಗಸೂಚಿಯಲ್ಲಿಯೂ ಇಲ್ಲ.

ಇಷ್ಟೆಲ್ಲ ಮಾಡಿ ಪಡೆದ ತಾರೆಗಳಿಂದ ಪ್ರಯೋಜನವೇನೆಂದು ಕೇಳುವವರಿಗೆ ಹೇಳುತ್ತೇನೆ. ಫಲಕದ ಮುಂದೆ ನಿಂತು ಅದನ್ನು ಓದಿದ ಅತಿಥಿಯನ್ನು ನಾನು ಕಂಡಿಲ್ಲ. ಅವರು ಮೊಬೈಲಿನಲ್ಲಿ ಅನ್ಯರು ಕೊಟ್ಟ ತಾರೆಗಳನ್ನು ನೋಡಿಕೊಂಡೇ ಬರುತ್ತಾರೆ. ಜಿಎಸ್‌ಟಿಯವರು ತಾರೆಗಳನ್ನು ನೋಡುವುದಿಲ್ಲ, ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿಯನ್ನು ದಾಟಿದೆಯೆ ಎಂಬುದನ್ನಷ್ಟೇ ನೋಡುತ್ತಾರೆ. ತಾರೆಗಳನ್ನು ಶ್ರದ್ಧೆಯಿಂದ ಓದುವವರೆಂದರೆ ಅಬಕಾರಿಯವರು: ನಮ್ಮಲ್ಲಿ ತಾರಾ ಹೋಟೆಲುಗಳಿಗೆಂದೇ ಸಿಎಲ್-6ಎ ಎಂಬ ಪ್ರತ್ಯೇಕ ಸನ್ನದುಂಟು. ಕೇರಳದಲ್ಲಂತೂ 2014ರ ನೀತಿಯು ಪಂಚತಾರಾ ಹೋಟೆಲುಗಳನ್ನುಳಿದು ಮಿಕ್ಕವುಗಳ ಬಾರುಗಳನ್ನು ಮುಚ್ಚಿಸಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮದ್ಯರಹಿತ ವರ್ಗದ ನಮಗೆ ಈ ಲಾಭವೂ ಇಲ್ಲ. ಬ್ಯಾಂಕಿನವರು, ಸಮ್ಮೇಳನಗಳಿಗೆ ಕೋಣೆಗಳನ್ನು ಕಾದಿರಿಸುವ ಸಂಸ್ಥೆಗಳವರು ಪ್ರಮಾಣಪತ್ರದ ಪ್ರತಿಯನ್ನು ಕೇಳುತ್ತಾರೆ. ಅದರಿಂದ ಬಂದ ವ್ಯಾಪಾರವು ಕೆತ್ತನೆಯ ಖರ್ಚನ್ನು ಇನ್ನೂ ತೀರಿಸಬೇಕಾಗಿದೆ.

ಸಲಹೆಗಳೆಂದರೆ ಇವಿಷ್ಟೆ. ಕಟ್ಟುವ ಮೊದಲೇ ಯೋಜನೆಯ ಹಂತದ ಅನುಮೋದನೆಗೆ ಅರ್ಜಿ ಹಾಕಿರಿ. ಅಳತೆಯನ್ನು ಗಿಲಾವು, ಟೈಲ್ಸು, ಚೌಕಟ್ಟು ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ತೆಗೆಯಿರಿ. ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ತಳ್ಳಿ ನೋಡಿರಿ. ಪ್ರಮಾಣಪತ್ರದ ಆಯುಸ್ಸು ಐದು ವರ್ಷವಾದುದರಿಂದ ನವೀಕರಣದ ಅರ್ಜಿಯನ್ನು ಮುಂಚಿತವಾಗಿಯೇ ಕಳುಹಿಸಿರಿ. ನಮ್ಮದರ ಸರದಿಯೂ ಸಮೀಪಿಸಿರುವುದರಿಂದ ಬೇರೊಬ್ಬ ಎಂಜಿನಿಯರರನ್ನು ಗೊತ್ತುಮಾಡಿದ್ದೇನೆ. ಮೈದುನನಿಗೆ ಈ ವಿಷಯವನ್ನು ತಾನೇ ತಿಳಿಸುವೆನೆಂದು ನನ್ನ ಹೆಂಡತಿ ಹೇಳಿರುವಳು; ಇನ್ನೂ ತಿಳಿಸಿದಂತೆ ಕಾಣುವುದಿಲ್ಲ, ಏಕೆಂದರೆ ನಿನ್ನೆಯ ದಿನ ಅವನು ಲಾಬಿಗೆ ಅಮೃತಶಿಲೆಯ ಮಾದರಿಗಳನ್ನು ತಂದು ಹರಡಿ ಹೋಗಿದ್ದಾನೆ.