ಗಾಯದ ಉದ್ದ ಅಳೆಯಬೇಡಿ

ಹೃದಯದ ಮೈಟ್ರಲ್ ಕವಾಟ ಸೋರಿದಾಗ ಅದರ ರಿಪೇರಿಗೆ ಎದೆಮೂಳೆ ಸೀಳಿಯೂ ಹೋಗಬಹುದು, ಬಲಪಕ್ಕೆಯ ಎಲುಬುಗಳ ಸಂದಿನಿಂದಲೂ ಹೋಗಬಹುದು. ಗಾಯ ಚಿಕ್ಕದಾದರೆ ಹೃದಯ ಹೆಚ್ಚು ಗಟ್ಟಿ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 330 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕ್ಕ ಗಾಯದವರು ಮನೆಗೆ ತುಸು ಬೇಗ ಹೋದರು, ನಿಜ. 12 ವಾರ ಕಳೆಯುವಷ್ಟರಲ್ಲಿ ಓಡಾಟದ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ವರ್ಷದ ಕೊನೆಗೆ ರಿಪೇರಿಯ ಗುಣಮಟ್ಟವೂ ಅಷ್ಟೇ.

ಆಪರೇಷನ್ ಆದಮೇಲೆ ಎಕೋ ವರದಿಯಲ್ಲಿ ಇ.ಎಫ್. (ಪ್ರತಿ ಬಡಿತಕ್ಕೆ ಹೃದಯದ ಎಡ ಕೆಳಕೋಣೆ ತನ್ನಲ್ಲಿರುವ ರಕ್ತದಲ್ಲಿ ಹೊರದೂಡುವ ಶೇಕಡಾ ಪಾಲು) 60ರಿಂದ 50ರ ಆಸುಪಾಸಿಗೆ ಇಳಿದಿದ್ದರೆ ಕೂಡಲೇ ಎದೆಗುಂದಬೇಡಿ. ಮೊದಲು ರಕ್ತದ ಒಂದು ಪಾಲು ಮೇಲಿನ ಕೋಣೆಗೆ ಸಲೀಸಾಗಿ ಹಿಂದಕ್ಕೆ ಸೋರುತ್ತಿತ್ತಲ್ಲ, ಆ ಅಂಕಿ ಉಬ್ಬಿದ್ದೇ ಅದರಿಂದ. ಆದರೆ ಏದುಸಿರು, ಕಾಲೂತ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಸರ್ಜನ್ನರನ್ನು ಆರಿಸುವಾಗ, ಇಂಥ ರಿಪೇರಿ ಎಷ್ಟು ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ.