ಕತ್ತರಿ ಎಲ್ಲಿ ಇಡಬೇಕು? ಧ್ವನಿಮುದ್ರಣ ಪ್ರಶ್ನೋತ್ತರ

ಪ್ರಶ್ನೆ: ಮಕ್ಕಳಿಗಾಗಿ ಕಥೆ ಓದಿ ರೆಕಾರ್ಡ್ ಮಾಡುತ್ತೇನೆ. ಆಡಾಸಿಟಿಯಲ್ಲಿ ತಪ್ಪುಗಳನ್ನು ಕತ್ತರಿಸಿ ತೆಗೆದ ಕಡೆಯೆಲ್ಲ ‘ಟಪ್’ ಅನ್ನುತ್ತದೆ. ಝೀರೋ ಕ್ರಾಸಿಂಗ್‌ನಲ್ಲಿ ಕತ್ತರಿಸಿ ಎಂದರು. ಹಾಗೆ ಮಾಡಿದರೂ ಕೆಲವು ಕಡೆ ಸದ್ದು ಹೋಗುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ಒಬ್ಬ ಶಿಕ್ಷಕಿ, ಸಾಗರ

ಉತ್ತರ: ಕತ್ತರಿಸಿದ ಜಾಗವನ್ನು ಝೂಮ್ ಮಾಡುತ್ತ ಹೋಗಿ, ಗೆರೆ ಒಡೆದು ಒಂದೊಂದೇ ಚುಕ್ಕೆಯಾಗಿ ಕಾಣುವವರೆಗೆ. ಒಂದೊಂದು ಚುಕ್ಕೆಯೂ ಒಂದು ಸ್ಯಾಂಪಲ್. 44,100ರ ಸ್ಯಾಂಪಲ್ ರೇಟ್ ಇದ್ದರೆ ಒಂದು ಮಿಲಿಸೆಕೆಂಡಿನಲ್ಲಿ ಇಂಥ 44 ಚುಕ್ಕೆಗಳಿರುತ್ತವೆ. ಕತ್ತರಿಯ ಎಡಕ್ಕೆ ಅಲೆ ಮೇಲಿದ್ದು, ಬಲಕ್ಕೆ ಕೆಳಗಿದ್ದರೆ, ಸ್ಪೀಕರಿನ ಕೋನ್ ಒಂದು ಚುಕ್ಕೆಯಷ್ಟು ಹೊತ್ತಿನಲ್ಲಿ ಅಲ್ಲಿಂದ ಇಲ್ಲಿಗೆ ಜಿಗಿಯಬೇಕಾಗುತ್ತದೆ. ಆ ಜಿಗಿತದಲ್ಲಿ ಮಂದ್ರದಿಂದ ತಾರದವರೆಗಿನ ಕಂಪನಗಳೆಲ್ಲ ಒಟ್ಟಿಗೇ ಏಳುತ್ತವೆ. ನಿಮ್ಮ ‘ಟಪ್’ ಅದೇ.

ಅಲೆ ನಡುಗೆರೆಯನ್ನು ದಾಟುವ ಜಾಗಕ್ಕೆ ಝೀರೋ ಕ್ರಾಸಿಂಗ್ ಎನ್ನುತ್ತಾರೆ. ಆಡಾಸಿಟಿಯಲ್ಲಿ ಸೆಲೆಕ್ಟ್ ಮಾಡಿ ಝಡ್ ಒತ್ತಿದರೆ ಎರಡೂ ಅಂಚುಗಳು ಹತ್ತಿರದ ಅಂಥ ಜಾಗಕ್ಕೆ ಸರಿಯುತ್ತವೆ. ಆದರೆ ನಿಮಗೆ ಸಿಕ್ಕಿದ್ದು ಅರ್ಧ ಸಲಹೆ. ಎಡದ ತುಣುಕು ಇಳಿಯುತ್ತ ಗೆರೆ ಮುಟ್ಟಿದ್ದರೆ ಬಲದ್ದು ಇಳಿಯುತ್ತಲೇ ಮುಂದುವರಿಯಬೇಕು. ಇಳಿದು ಬಂದದ್ದು ಅಲ್ಲಿಂದಲೇ ಏರತೊಡಗಿದರೆ ಅಲೆಯಲ್ಲೊಂದು ಚೂಪು ಮೊನೆ ಉಳಿದು, ಅದೂ ಕೇಳಿಸುತ್ತದೆ. ಸ್ಟೀರಿಯೋ ರೆಕಾರ್ಡಿಂಗ್ ಆದರೆ ಎಡ ಮತ್ತು ಬಲ ಚಾನೆಲ್‌ಗಳು ಒಂದೇ ಕ್ಷಣಕ್ಕೆ ಗೆರೆ ದಾಟುವುದು ಅಪರೂಪ. ನಿಮ್ಮದು ಒಂದೇ ದನಿಯಾದ್ದರಿಂದ ಮೋನೋದಲ್ಲೇ ಮಾಡಿ.

ನಾನು ಹೇಳುವುದಿಷ್ಟು: ಕತ್ತರಿಸಿದ ಮೇಲೆ ಸಣ್ಣದೊಂದು ಕ್ರಾಸ್‌ಫೇಡ್ ಹಾಕದೆ ಮುಂದೆ ಹೋಗಬೇಡಿ. ಮಾತಿಗೆ ಐದರಿಂದ ಹತ್ತು ಮಿಲಿಸೆಕೆಂಡ್ ಸಾಕು. ನನಗೆ ಕೆಲಸ ಕಲಿಸಿದ ಹಿರಿಯರು ಕಾಲಿಂಚಿನ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ಯುತ್ತಿದ್ದರು, ನೇರವಾಗಿ ಕೊಯ್ದದ್ದನ್ನು ನಾನು ನೋಡಿಯೇ ಇಲ್ಲ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ 45 ಡಿಗ್ರಿ ಓರೆ ಎಂದರೆ ಹತ್ತಿರಹತ್ತಿರ 17 ಮಿಲಿಸೆಕೆಂಡ್. ಅಷ್ಟು ಹೊತ್ತು ಹಳೆಯ ಸದ್ದು ಕರಗುತ್ತ ಹೊಸದು ತುಂಬಿಕೊಳ್ಳುತ್ತಿತ್ತು. ಅದೇ ಓರೆಯನ್ನು ನಾವೀಗ ಮೌಸಿನಿಂದ ಎಳೆಯುತ್ತೇವೆ.

ಇನ್ನು ಜಾಗದ ಮಾತು. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಹಾಗಾಗಿ ಸರಾಗವಾಗಿ ಓದಿದಾಗ ಒಂದು ಪದ ಇನ್ನೊಂದಕ್ಕೆ ಅಂಟಿಕೊಂಡೇ ಬರುತ್ತದೆ, ಪದಗಳ ನಡುವೆ ಕತ್ತರಿಗೆ ಜಾಗ ಸಿಗುವುದಿಲ್ಲ. ಆ ಜಾಗ ಕ, ಚ, ಟ, ತ, ಪಗಳ ಮುಂಚೆ ಇರುತ್ತದೆ. ‘ಪ’ ಹೇಳುವ ಮೊದಲು ತುಟಿ ಮುಚ್ಚಿರುತ್ತದೆ, ಆ ಗಳಿಗೆ ದನಿಯೇ ಇರುವುದಿಲ್ಲ. ಒತ್ತಕ್ಷರ ಬಂದರಂತೂ ಇನ್ನೂ ಒಳ್ಳೆಯದು. ‘ಹತ್ತು’, ‘ಅಪ್ಪ’, ‘ಬೆಕ್ಕು’ ಎಂದು ಓದಿ ಅಲೆಯನ್ನು ನೋಡಿ. ಪದದ ನಡುವೆಯೇ ಚಪ್ಪಟೆ ಬಯಲು ಕಾಣುತ್ತದೆ. ‘ಹತ್ತು’ ಎಂಬುದರ ‘ಹ’ ಒಂದು ಟೇಕಿನದು, ‘ತ್ತು’ ಇನ್ನೊಂದರದ್ದು ಆದರೂ ಗೊತ್ತಾಗದಂತೆ ಎಷ್ಟೋ ಸಲ ಹೊಂದಿಸಿದ್ದೇನೆ. ಗ, ದ, ಬಗಳಲ್ಲಿ ಈ ಅನುಕೂಲ ಕಡಿಮೆ, ಬಾಯಿ ಮುಚ್ಚಿದ್ದರೂ ಗಂಟಲು ಗುನುಗುತ್ತಿರುತ್ತದೆ. ದೀರ್ಘ ಸ್ವರದ ನಡುವೆ ಮಾತ್ರ ಕತ್ತರಿ ಇಡಬೇಡಿ. ‘ಟಪ್’ ಹೋದರೂ ದನಿಯ ಏರಿಳಿತ ತಪ್ಪಿದ್ದು ಮಕ್ಕಳ ಕಿವಿಗೂ ತಿಳಿಯುತ್ತದೆ.

ಓದುವ ಮೊದಲು ಅರ್ಧ ನಿಮಿಷ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವಿರಾಮಗಳಿಗೆ ಆ ತುಣುಕನ್ನೇ ತುಂಬಿ. ಪೂರ್ತಿ ಶೂನ್ಯವನ್ನು ತುಂಬಿದರೆ ಅದು ಮೌನದಂತೆ ಕೇಳುವುದಿಲ್ಲ, ತೂತಿನಂತೆ ಕೇಳುತ್ತದೆ.

ಪ್ರಶ್ನೆ: ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ದೇವರನಾಮ ಹಾಡಿದ್ದೇನೆ, ಎರಡು ಟೇಕ್. ಮೊದಲನೆಯದರ ಪಲ್ಲವಿಯನ್ನೂ ಎರಡನೆಯದರ ಚರಣವನ್ನೂ ಸೇರಿಸಿದರೆ ಟಪ್ ಸದ್ದಿಲ್ಲ. ಆದರೆ ಸೇರಿದಲ್ಲಿ ಶ್ರುತಿ ಒಂದು ಕ್ಷಣ ಬತ್ತಿದಂತಾಗುತ್ತದೆ.
— ಒಬ್ಬ ಗಾಯಕಿ, ಮೈಸೂರು

ಉತ್ತರ: ನಿಮ್ಮ ಕಿವಿಗೆ ನಮಸ್ಕಾರ. ಇದನ್ನು ಗುರುತಿಸದೆ ಬಿಡುವವರೇ ಹೆಚ್ಚು.

ಎರಡೂ ಟೇಕಿನಲ್ಲಿ ಶ್ರುತಿ ಒಂದೇ, ಆದರೆ ಅಲೆಗಳ ಹೆಜ್ಜೆ ಒಂದಲ್ಲ. ಕ್ರಾಸ್‌ಫೇಡ್ ಆಗುವಾಗ ಒಂದು ಅಲೆ ಮೇಲೆ, ಇನ್ನೊಂದು ಕೆಳಗೆ ಇದ್ದರೆ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಐದೂವರೆ ಮನೆ ಶ್ರುತಿಯಲ್ಲಿ ಷಡ್ಜ ಸುಮಾರು 208 ಹರ್ಟ್ಸ್ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 4.8 ಮಿಲಿಸೆಕೆಂಡ್. ಅದರ ಅರ್ಧದಷ್ಟು, 2.4 ಮಿಲಿಸೆಕೆಂಡ್ ಹಿಂದುಮುಂದಾದರೆ ಸಾಕು, ಶ್ರುತಿ ಬತ್ತಿತು. ಆದ್ದರಿಂದ ಎರಡನೆಯ ತುಣುಕನ್ನು ಮಿಲಿಸೆಕೆಂಡಿನ ಸಣ್ಣ ಸಣ್ಣ ಭಾಗದಷ್ಟೇ ಸರಿಸುತ್ತ ಹೋಗಿ, ಎರಡೂ ಅಲೆಗಳ ತುದಿಗಳು ಒಂದರ ಕೆಳಗೊಂದು ಬರುವಂತೆ ಕೂಡಿಸಿ. ಇಷ್ಟು ಸರಿಸಿದರೆ ತಾಳಕ್ಕೇನೂ ಧಕ್ಕೆಯಿಲ್ಲ. ಹೀಗೆ ಹೊಂದಿದ ಅಲೆಗಳಿಗೆ ನೇರ ಗೆರೆಯ ಫೇಡ್ ಹಾಕಿ. ಉಬ್ಬಿದ ಗೆರೆಯ ಈಕ್ವಲ್ ಪವರ್ ಫೇಡ್ ಇಲ್ಲಿ ಹಾಕಿದರೆ ಸೇರಿದಲ್ಲಿ ಶ್ರುತಿ ಮೂರು ಡೆಸಿಬಲ್ ಎದ್ದು ನಿಲ್ಲುತ್ತದೆ; ಅದು ಒಂದಕ್ಕೊಂದು ಸಂಬಂಧವಿಲ್ಲದ ಸದ್ದುಗಳಿಗೆ, ಚಪ್ಪಾಳೆಯಿಂದ ಮಳೆಗೆ ಹೋಗುವಂಥ ಕಡೆಗೆ.

ತಂಬೂರಿ ಆಗಿದ್ದರೆ ಇಷ್ಟು ಸುಲಭವಿರಲಿಲ್ಲ. ಪಂಚಮದ ತಂತಿ ಮೀಟಿದ ಮೇಲೆ ಮತ್ತೆ ಪಂಚಮವೇ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಎರಡೂ ಟೇಕಿನಲ್ಲಿ ಒಂದೇ ತಂತಿಯ ಮೀಟಿಗೆ ಕಾದು ಕತ್ತರಿಸಬೇಕು. ಮುಂದಿನ ಸಲ ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಿ, ಅದನ್ನು ಬೇರೆಯೇ ಟ್ರ್ಯಾಕಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕತ್ತರಿ ಮುಟ್ಟಿಸದೆ ಹರಿಯಬಿಡಿ. ದನಿಯನ್ನು ಎಲ್ಲಿ ಸೇರಿಸಿದರೂ ಅಡಿಯಲ್ಲಿ ಶ್ರುತಿ ಹಿಡಿದುಕೊಂಡಿರುತ್ತದೆ. ಉಸಿರನ್ನು ಮಾತ್ರ ಅದರ ಮುಂದಿನ ಸಾಲಿನ ಜೊತೆಗೇ ತನ್ನಿ. ಒಂದು ಟೇಕಿನ ಉಸಿರಿಗೆ ಇನ್ನೊಂದರ ಸಾಲು ಹೊಂದುವುದಿಲ್ಲ.

ಪ್ರಶ್ನೆ: ತಬಲಾದ ಒಂದು ಆವರ್ತನವನ್ನು ಲೂಪ್ ಮಾಡಿದರೆ ‘ಧಾ’ ಮೊಂಡಾಗಿ ಕೇಳಿಸುತ್ತದೆ. ಟಪ್ ಬರದಿರಲೆಂದು 20 ಮಿಲಿಸೆಕೆಂಡ್ ಫೇಡ್ ಹಾಕಿದ್ದೇನೆ.
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಆ ಫೇಡೇ ಪೆಟ್ಟಿನ ಮೊನೆಯನ್ನು ತಿಂದಿದೆ. ಪೆಟ್ಟಿಗಿಂತ ಮೂರ್ನಾಲ್ಕು ಮಿಲಿಸೆಕೆಂಡ್ ಮುಂಚೆ ಕತ್ತರಿಸಿ, ಅಷ್ಟರೊಳಗೇ ಕ್ರಾಸ್‌ಫೇಡ್ ಮುಗಿಸಿ. ಸ್ವಲ್ಪ ಹುಳುಕು ಉಳಿದರೂ ಹಿಂದೆಯೇ ಬರುವ ಪೆಟ್ಟು ಅದನ್ನು ಮುಚ್ಚುತ್ತದೆ. ಲೂಪಿನ ಕೊನೆಯಲ್ಲಿ ಬಾಯಾದ ಗುಂಯ್‌ಕಾರ ಕಡಿದುಹೋಗುತ್ತಿದ್ದರೆ ಎರಡು ಆವರ್ತನ ನುಡಿಸಿ ಎರಡನೆಯದನ್ನು ಲೂಪ್ ಮಾಡಿ. ಆಗ ಹಿಂದಿನ ಪೆಟ್ಟಿನ ಅನುರಣನ ಅದರ ಆರಂಭದಲ್ಲೇ ಇರುತ್ತದೆ. ವೇವ್ ಫೈಲ್‌ನಲ್ಲೇ ಇಡಿ. ಎಂಪಿ3 ಮಾಡಿದರೆ ತುದಿಗಳಲ್ಲಿ ಚೂರು ಮೌನ ಸೇರಿಕೊಂಡು ಲಯ ಕೆಡುತ್ತದೆ.

ಪ್ರಶ್ನೆ: ನಾನು ಏನೂ ಕತ್ತರಿಸಿಲ್ಲ. ಆದರೂ ಟಪ್ ಟಪ್ ಬರುತ್ತದೆ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ.
— ಒಬ್ಬ ಓದುಗರು, ಮಸ್ಕತ್

ಉತ್ತರ: ಜಾಗ ಬದಲಾಗುತ್ತಿದ್ದರೆ ಸದ್ದು ಫೈಲಿನಲ್ಲಿಲ್ಲ. ಕಂಪ್ಯೂಟರಿಗೆ ಸ್ಯಾಂಪಲ್‌ಗಳನ್ನು ಹೊತ್ತಿಗೆ ಸರಿಯಾಗಿ ಒದಗಿಸಲು ಆಗುತ್ತಿಲ್ಲ. ಅವನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುವ ಬಫರ್ 128 ಸ್ಯಾಂಪಲ್ ಇದ್ದರೆ 512ಕ್ಕೋ 1024ಕ್ಕೋ ಏರಿಸಿ. ಹಾಡುವಾಗ ಮತ್ತೆ ಇಳಿಸಿಕೊಳ್ಳಿ, ಇಲ್ಲವಾದರೆ ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಕೇಳಿಸುತ್ತದೆ.

ಪ್ರಶ್ನೆ: ತಂದೆಯವರು ರೆಕಾರ್ಡ್ ಮಾಡಿದ್ದ ಯಕ್ಷಗಾನದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇನೆ. ಯಾರೋ ಸ್ವಿಚ್ ಹಾಕಿದಾಗಲೆಲ್ಲ ಒಂದು ಟಪ್ ಬಿದ್ದಿದೆ. ಕತ್ತರಿಸಿ ತೆಗೆಯಲೇ?
— ಒಬ್ಬ ಓದುಗರು, ಕುಂದಾಪುರ

ಉತ್ತರ: ಬೇಡ. ಕತ್ತರಿಸಿದರೆ ತಾಳ ಅಷ್ಟು ಮೊಟಕಾಗುತ್ತದೆ. ಟಪ್ ಬಿದ್ದ ಜಾಗವನ್ನಷ್ಟೇ ಸೆಲೆಕ್ಟ್ ಮಾಡಿ ಆಡಾಸಿಟಿಯ ‘ರಿಪೇರ್’ ಬಳಸಿ. ಅದು ಆಚೀಚಿನ ಅಲೆಯನ್ನು ನೋಡಿ ನಡುವಿನದನ್ನು ಹೊಸದಾಗಿ ಬರೆಯುತ್ತದೆ, ಉದ್ದವೂ ಬದಲಾಗುವುದಿಲ್ಲ. ಒಮ್ಮೆಗೆ 128 ಸ್ಯಾಂಪಲ್ ಮಾತ್ರ, ಎಂದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಇಳಿಸಿದ ಮೂಲ ಫೈಲನ್ನು ಹಾಗೇ ಎತ್ತಿಟ್ಟು ಪ್ರತಿಯ ಮೇಲೆ ಕೆಲಸ ಮಾಡಿ.

ಇಡೀ ಕ್ಯಾಸೆಟ್ಟಿಗೆ ಒಮ್ಮೆಲೇ ‘ಕ್ಲಿಕ್ ರಿಮೂವಲ್’ ಹಾಕಿಬಿಡುವ ಆಸೆಯಾಗಬಹುದು. ಚೆಂಡೆಯ ಪೆಟ್ಟಿನ ಮೊದಲ ಮೊನೆ ಅಲೆಯಲ್ಲಿ ಟಪ್‌ನಂತೆಯೇ ಕಾಣುತ್ತದೆ, ಸಾಫ್ಟ್‌ವೇರ್ ಅದನ್ನೂ ಸವರಿಹಾಕಬಹುದು. ಚೆಂಡೆ ಇರುವ ಕಡೆ ಅದನ್ನು ಹಾಕಲೇಬೇಡಿ. ಭಾಗವತರು ಒಬ್ಬರೇ ಹಾಡುವಲ್ಲಿ ಬಿದ್ದ ಟಪ್‌ಗಳನ್ನು ಒಂದೊಂದಾಗಿ ಕೈಯಿಂದಲೇ ತೆಗೆಯಿರಿ. ಚೆಂಡೆಯ ನಡುವೆ ಬಿದ್ದವನ್ನು ಬಿಟ್ಟರೂ ನಡೆಯುತ್ತದೆ, ಅವು ಕೇಳಿಸುವುದೇ ಇಲ್ಲ.