ಬಾಯಿಬಿಟ್ಟು ಹೇಳದ ಗಾಡಿ

ಅಳಿಯ,

ನೀನು ಕಳಿಸಿದ ಫೋಟೋ ನೋಡಿದೆ. ನೀಲಿ ಬಣ್ಣ, ಹಿಂದೆ ಡಿಕ್ಕಿಯ ಮೇಲೆ ಅಷ್ಟೆತ್ತರದ ರೆಕ್ಕೆ, ಮುಂದೆ ಬಾನೆಟ್ಟಿನ ಮೇಲೆ ಬಾಯಿ ತೆರೆದ ಗೂಡು. 2017ರ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. ಫೋಟೋ ಬಂದ ಅರ್ಧ ಗಂಟೆಗೆ ಹಾಸನದಿಂದ ಅಕ್ಕನ ಫೋನು. "ಅವನು ಅದೇನೋ ರೇಸಿನ ಕಾರು ತಗೊಂಡನಂತೆ, ನೀನಾದ್ರೂ ಹತ್ತಿರ ಇದ್ದೀಯ, ನಾಲ್ಕು ಮಾತು ಹೇಳೋ" ಅಂದಳು. ಆ ನಾಲ್ಕೂ ಮಾತು "ಮಾರಿಬಿಡು" ಅಂತಲೇ ಇರಲಿ ಅನ್ನುವುದು ಅವಳ ಆಸೆ. ಅದು ನನ್ನ ಬಾಯಲ್ಲಿ ಬರುವುದಿಲ್ಲ. 2002ರ ಮಾಡೆಲ್ಲಾಗಿ ಡಬ್ಲ್ಯುಆರ್‌ಎಕ್ಸ್ ಮೊದಲ ಸಲ ಅಮೆರಿಕಕ್ಕೆ ಬಂದಾಗ ಸಾಲ ಮಾಡಿ ಕೊಂಡವನು ನಾನು. ಆಗ ಇದೇ ಅಕ್ಕ ನನಗೆ ಬೈದಿದ್ದಳು.

ಹೈಸ್ಕೂಲಲ್ಲಿದ್ದಾಗ ನೀನು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡಲು ಹೋಗಿ, ಹುಬ್ಬಿನ ತನಕ ಕೆಂಪು ಧೂಳು ಮೆತ್ತಿಸಿಕೊಂಡು ಬಂದಿದ್ದೆ. ಕೋಣೆಯ ಗೋಡೆಯ ಮೇಲೆ ಕಾಲಿನ್ ಮೆಕ್‌ರೇ ಇದ್ದ. 1995ರಲ್ಲಿ ಅವನು ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇಂಥದ್ದೇ ನೀಲಿ ಇಂಪ್ರೆಝಾದಲ್ಲಿ. ಹಾಗಾಗಿ ಈ ಗಾಡಿ ನಿನ್ನ ಮನೆಗೆ ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಿತ್ತು ಅನ್ನು. ಆದರೆ ಗೋಡೆಯ ಮೇಲೆ ಇರುವುದಕ್ಕೂ ಡೆಟ್ರಾಯಿಟ್ ಸುತ್ತಮುತ್ತಲಿನ ಜನವರಿಯಲ್ಲಿ ದಿನಾ ಬೆಳಗ್ಗೆ ಆಫೀಸಿಗೆ ಒಯ್ಯುವುದಕ್ಕೂ ವ್ಯತ್ಯಾಸವಿದೆ. ಅದನ್ನು ಹೇಳಲು ಕೂತಿದ್ದೇನೆ.

ನಿಮ್ಮ ಅಜ್ಜನ ಅಂಬಾಸಿಡರ್ ನಿನಗೆ ನೆನಪಿರಲಾರದು. ಅದಕ್ಕೆ ಎಲ್ಲದರ ಬಗ್ಗೆಯೂ ದೂರು. ಚಳಿಗೆ ಕೆಮ್ಮುತ್ತಿತ್ತು. ಗೇರು ಬೀಳಿಸುವಾಗ ಗೊರಗೊರ ಅನ್ನುತ್ತಿತ್ತು. ಮಂಗಳೂರಿಂದ ಬರುವಾಗ ಶಿರಾಡಿ ಘಾಟಿ ಹತ್ತಲು ಶುರು ಮಾಡಿದರೆ ಅರ್ಧಕ್ಕೆ ನೀರು ಕುದಿಸಿಕೊಂಡು ನಿಂತೇಬಿಡುತ್ತಿತ್ತು. ಅರವತ್ತು ಕಿಲೋಮೀಟರ್ ದಾಟಿದರೆ ಬಾಗಿಲು, ಗಾಜು, ಸ್ಟೀರಿಂಗು ಎಲ್ಲ ಸೇರಿ ಭಜನೆ. ಅಪ್ಪ ಅದರ ಸದ್ದು ಕೇಳಿಯೇ ವೇಗ ಇಳಿಸುತ್ತಿದ್ದರು. ನಿನ್ನ ಗಾಡಿ ಅದರ ತದ್ವಿರುದ್ಧ. ಟೈರು ಜಾರುತ್ತಿದ್ದರೂ ಹೇಳುವುದಿಲ್ಲ, ಆಯಿಲ್ ಇಳಿದರೂ ಹೇಳುವುದಿಲ್ಲ, ಎಂಬತ್ತು ಮೈಲಿ ವೇಗದಲ್ಲಿದ್ದರೂ ಐವತ್ತರ ಮುಖ ಮಾಡಿಕೊಂಡಿರುತ್ತದೆ. 305 ಅಶ್ವಶಕ್ತಿಯ ಈ ಸುಮ್ಮನಿರುವ ಪ್ರಾಣಿಯನ್ನು ನೀನೇ ಹೋಗಿ ವಿಚಾರಿಸಿಕೊಳ್ಳಬೇಕು. ನಾನು ಮುಂದೆ ಬರೆಯುವುದೆಲ್ಲ ಆ ವಿಚಾರಿಸುವ ಬಗೆಯೇ.

ಮೊದಲು ಹಿಮದ ವಿಷಯ. ನಾನು ಕೆಟ್ಟು ಕಲಿತದ್ದು ಅದರಲ್ಲೇ.

ಕಾರು ಕೊಂಡ ಮೊದಲ ಚಳಿಗಾಲ. ಕನ್ನಡ ಕೂಟದ ಸಂಕ್ರಾಂತಿಗೆ ಹೊರಟಿದ್ದೆವು. ನಿನ್ನ ಅತ್ತೆ ಐವತ್ತು ಜನಕ್ಕಾಗುವಷ್ಟು ಹುಳಿ ಮಾಡಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹಿಂದಿನ ರಾತ್ರಿ ಆರು ಇಂಚು ಹಿಮ ಬಿದ್ದಿತ್ತು. ಸಿಗ್ನಲ್ಲಿನಲ್ಲಿ ಪಕ್ಕದವರ ಕಾರುಗಳ ಚಕ್ರ ನಿಂತಲ್ಲೇ ಗಿರಗಿರ ಸುತ್ತುತ್ತಿದ್ದರೆ ನಮ್ಮದು ಹಳಿಯ ಮೇಲಿನ ರೈಲಿನ ಹಾಗೆ ಹೊರಡುತ್ತಿತ್ತು. "ನೋಡಿದೆಯಾ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುತ್ತೆ" ಅಂತ ಅವಳಿಗೆ ಪಾಠ ಬೇರೆ. ಐ-696ರಲ್ಲಿ ನಾಲ್ಕಾರು ಗಾಡಿಗಳನ್ನು ಹಿಂದೆ ಹಾಕಿದೆ. ಆರ್ಚರ್ಡ್ ಲೇಕ್ ರಸ್ತೆಗೆ ಇಳಿಯುವ ದಾರಿಯಲ್ಲಿ ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಎಬಿಎಸ್ ಕಟಕಟ ಕಟಕಟ ಅಂದಿತು. ಕಾರು ಮಾತ್ರ ಬಂದ ವೇಗದಲ್ಲೇ ನೆಟ್ಟಗೆ ಹೋಯಿತು. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗಲಿಲ್ಲ. ರಸ್ತೆಯಂಚಿಗೆ ಗುಡ್ಡೆ ಹಾಕಿದ್ದ ಹಿಮಕ್ಕೆ ಮೆತ್ತಗೆ ಹೋಗಿ ಕೂತೆವು. ಯಾರಿಗೂ ಏನೂ ಆಗಲಿಲ್ಲ. ಹುಳಿ ಮಾತ್ರ ಡ್ಯಾಶ್‌ಬೋರ್ಡಿನ ಎಸಿ ಕಿಂಡಿಯೊಳಗೆ ಇಳಿದಿತ್ತು. ಹೀಟರ್ ಹಾಕಿದಾಗೆಲ್ಲ ಯುಗಾದಿಯ ತನಕ ಇಂಗಿನ ಘಮ.

ಆವತ್ತು ಆದದ್ದು ಇಷ್ಟೇ. ಓಡುವುದಕ್ಕೆ ನಿನ್ನದಕ್ಕೆ ನಾಲ್ಕು ಚಕ್ರ, ಪಕ್ಕದ ಕ್ಯಾಮ್ರಿಗೆ ಎರಡು. ನಿಲ್ಲುವುದಕ್ಕೆ ಇಬ್ಬರಿಗೂ ನಾಲ್ಕೇ. ರಸ್ತೆ ಜಾರುತ್ತಿದೆ ಅಂತ ಕ್ಯಾಮ್ರಿಯವನಿಗೆ ಮನೆಯ ಮುಂದೆ ಹೊರಡುವಾಗಲೇ ಗೊತ್ತಾಗುತ್ತದೆ, ನಮಗೆ ತಿರುವಿನಲ್ಲಿ. ಆದ್ದರಿಂದ ಹಿಮದ ದಿನ ಹೊರಟ ಮೇಲೆ, ಹಿಂದೆ ಯಾರೂ ಇಲ್ಲದ ಕಡೆ, ಹದಿನೈದು ಮೈಲಿ ವೇಗದಲ್ಲಿ ಒಂದು ಸಲ ಬ್ರೇಕ್ ಗಟ್ಟಿಯಾಗಿ ಒತ್ತಿ ನೋಡು. ರಸ್ತೆಯನ್ನು ವಿಚಾರಿಸುವುದು ಹೀಗೆ. ಐದು ಮೈಲಿ ಹೋದ ಮೇಲೆ ಇನ್ನೊಮ್ಮೆ ಕೇಳು, ಉತ್ತರ ಬದಲಾಗಿರುತ್ತದೆ. ಸೇತುವೆಯ ಮೇಲಂತೂ ಖಂಡಿತ.

ಇನ್ನೊಂದು ಕೆಲಸವಿದೆ. ಈ ಕಾರು ಕಾರ್ಖಾನೆಯಿಂದ ಬರುತ್ತಿದ್ದದ್ದು ಬೇಸಿಗೆ ಟೈರಿನಲ್ಲಿ. ನೀನು ಕೊಂಡದ್ದರಲ್ಲೂ ಅದೇ ಇದೆ, ಫೋಟೋ ದೊಡ್ಡದು ಮಾಡಿ ನೋಡಿದೆ. ಶಾಖ ಏಳು ಡಿಗ್ರಿ ಸೆಲ್ಸಿಯಸ್ಸಿಗಿಂತ ಇಳಿದರೆ ಆ ರಬ್ಬರು ಹಲಗೆಯಷ್ಟು ಬಿರುಸಾಗುತ್ತದೆ. ಹಿಮ ಬೀಳಬೇಕೆಂದೇನೂ ಇಲ್ಲ, ಒಣ ರಸ್ತೆಯಲ್ಲೇ ಜಾರುತ್ತದೆ. ಕೊರೆಯುವ ಚಳಿಯಲ್ಲಿ ಓಡಿಸಿದರೆ ಬಿರುಕು ಬಿಡುವುದೂ ಉಂಟು. ಥ್ಯಾಂಕ್ಸ್‌ಗಿವಿಂಗ್ ಬರುವುದರೊಳಗೆ ಚಳಿಗಾಲದ ಟೈರು ನಾಲ್ಕು, ಅದಕ್ಕೇ ಬೇರೆ ರಿಮ್ಮು ನಾಲ್ಕು ತಂದಿಟ್ಟುಕೋ. ದುಡ್ಡಿಗೆ ನೋಡಬೇಡ, ಒಂದು ಸೆಟ್ಟು ಓಡುವಾಗ ಇನ್ನೊಂದು ಸೆಟ್ಟು ಗ್ಯಾರೇಜಿನಲ್ಲಿ ಸವೆಯದೆ ಇರುತ್ತದಲ್ಲ. ಚಳಿ ಟೈರು ಹಾಕಿದ ಎಸ್‌ಟಿಐಯಷ್ಟು ಖುಷಿ ಕೊಡುವ ಗಾಡಿ ಹಿಮದಲ್ಲಿ ಇನ್ನೊಂದಿಲ್ಲ, ಇದನ್ನೂ ಹೇಳದಿದ್ದರೆ ಸುಳ್ಳುಗಾರನಾಗುತ್ತೇನೆ.

ಟೈರಿನ ಮಾತು ಬಂತು, ಮುಗಿಸಿಬಿಡುತ್ತೇನೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಎತ್ತರ, ಒಂದು ಗಿಡ್ಡ ಆದರೆ ಏನಾಗುತ್ತದೆ? ಹೆಗಲು ಹುಣ್ಣಾಗುತ್ತದೆ. ಇಲ್ಲಿ ನಾಲ್ಕು ಎತ್ತು, ಒಂದೇ ನೊಗ. ನಾಲ್ಕು ಟೈರಿನ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವುದು ಸುಬಾರುವಿನ ಲೆಕ್ಕ. ಟೈರಿನ ಬಟನ್ನಿನಲ್ಲಿ ನೋಡಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದಕ್ಕಿಂತ ಹೆಚ್ಚಾದರೆ ಸಣ್ಣ ಚಕ್ರ ಸದಾ ಹೆಚ್ಚು ಸುತ್ತು ಸುತ್ತಬೇಕು, ನಡುವಿನ ಡಿಫರೆನ್ಷಿಯಲ್ಲಿಗೆ ಒಂದು ನಿಮಿಷವೂ ಬಿಡುವಿರುವುದಿಲ್ಲ. ಇದು ಕೂಡ ಸದ್ದು ಮಾಡುವುದಿಲ್ಲ, ಬಿಲ್ಲು ಬಂದಾಗ ನೀನು ಮಾಡುತ್ತೀಯ. ನನ್ನ ಒಂದು ಟೈರಿಗೆ ಮೊಳೆ ಹೊಕ್ಕು ಪಕ್ಕದ ಗೋಡೆ ಹರಿದಾಗ ಅಂಗಡಿಯವನು "ಒಂದೇ ಸಾಕು ಸಾರ್" ಅಂತ ಹೊಸದೊಂದನ್ನು ಹಾಕಿ ಕಳಿಸಿದ್ದ. ನಾನೂ ಉಳಿಯಿತಲ್ಲ ಅಂತ ಹಿಗ್ಗಿದ್ದೆ. ಮಿಶಿಗನ್ನಿನ ಗುಂಡಿಗಳು ಎಂಥವು ಅಂತ ನಿನಗೆ ಗೊತ್ತೇ ಇದೆ. ನಿನ್ನದು ಹದಿನೆಂಟು ಇಂಚಿನ ರಿಮ್ಮು, ತೆಳು ಗೋಡೆಯ ಟೈರು, ಒಂದಲ್ಲ ಒಂದು ದಿನ ಒಂದು ಹೋಗಿಯೇ ಹೋಗುತ್ತದೆ. ಹೊಸದನ್ನು ಉಳಿದ ಮೂರರ ಮಟ್ಟಕ್ಕೆ ಹೆರೆದು ಕೊಡುವವರಿದ್ದಾರೆ, ಹುಡುಕು. ಮೂರೂ ತೀರಾ ಸವೆದಿದ್ದರೆ ನಾಲ್ಕನ್ನೂ ಬದಲಾಯಿಸು.

ಗೇರಿನ ಪಕ್ಕ ಒಂದು ಸ್ವಿಚ್ಚು, ಒಂದು ತಿರುಗಣಿ ಇವೆ. ಸ್ವಿಚ್ಚು ನಡುವಿನ ಡಿಫರೆನ್ಷಿಯಲ್ಲನ್ನು ಎಷ್ಟು ಬಿಗಿಯಬೇಕು ಅಂತ ಹೇಳುವುದು. ಅದನ್ನು ಆಟೋದಲ್ಲಿ ಬಿಟ್ಟು ಮರೆತುಬಿಡು. ಒಣ ರಸ್ತೆಯಲ್ಲಿ ಪೂರ್ತಿ ಲಾಕ್ ಮಾಡಿ ಪಾರ್ಕಿಂಗಿನಲ್ಲಿ ತಿರುಗಿಸಿದರೆ ಗಾಡಿ ಕುಪ್ಪಳಿಸುತ್ತದೆ, ಅದು ನೋವಿನ ಕುಣಿತ. ತಿರುಗಣಿ ಇಂಜಿನ್ನಿನ ಸ್ವಭಾವ ಬದಲಿಸುವುದು, ಅದರಲ್ಲಿ ಐ ಅಂತ ಒಂದು ಸೌಮ್ಯ ಸ್ವಭಾವವಿದೆ. ಹುಡುಗರು ಅದನ್ನು ಮುಟ್ಟುವುದೇ ಇಲ್ಲ. ಹಿಮದಲ್ಲಿ, ಆಫೀಸಿನ ಟ್ರಾಫಿಕ್ಕಿನಲ್ಲಿ, ನಿಮ್ಮಮ್ಮ ಪಕ್ಕದಲ್ಲಿ ಕೂತಾಗ ಅದೇ ಸರಿ.

ಈಗ ಆಯಿಲ್. ಇದನ್ನು ನಿಧಾನವಾಗಿ ಓದು.

ನಿನ್ನ ಇಂಜಿನ್ನಿನಲ್ಲಿ ಪಿಸ್ಟನ್ನುಗಳು ನಿಂತಿಲ್ಲ, ಎರಡು ಕಡೆಗೆ ಎರಡೆರಡು ಮಲಗಿವೆ. ಎದುರುಬದುರು ಗುದ್ದಿಕೊಳ್ಳುವಂತೆ ಆಡುತ್ತವೆ ಅಂತಲೇ ಬಾಕ್ಸರ್ ಎಂಬ ಹೆಸರು. ಅಮೆರಿಕದಲ್ಲಿ ಎಸ್‌ಟಿಐಗೆ 2004ರಿಂದ 2021ರ ತನಕ ಇದೇ ಎರಡೂವರೆ ಲೀಟರಿನ ಇಂಜಿನ್ನು. ಇಷ್ಟು ವರ್ಷ ಬಾಳಿದ್ದರಿಂದ ಇದರ ಗುಣ ಅವಗುಣ ಎರಡೂ ಎಲ್ಲರಿಗೂ ಬಾಯಿಪಾಠ. ಸ್ವಲ್ಪ ಸ್ವಲ್ಪ ಆಯಿಲ್ ಕುಡಿಯುತ್ತದೆ. ಆಯಿಲ್ ಕಡಿಮೆಯಿದ್ದಾಗ ತಿರುವಿನಲ್ಲಿ ಜೋರಾಗಿ ಹೋದರೆ, ಇದ್ದಷ್ಟೂ ಒಂದು ಬದಿಗೆ ಓಡಿ ಪಂಪು ಗಾಳಿ ಎಳೆಯುತ್ತದೆ. ಆಗ ಮೊದಲು ಹೋಗುವುದು ಕನೆಕ್ಟಿಂಗ್ ರಾಡಿನ ಬೇರಿಂಗು. ಪ್ರೆಶರಿನ ಕೆಂಪು ದೀಪ ಹೊತ್ತುವ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ಆದ್ದರಿಂದ ವಾರಕ್ಕೊಂದು ಬೆಳಗ್ಗೆ, ಗಾಡಿ ಶುರು ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ಬಾನೆಟ್ ಎತ್ತು. ಡಿಪ್‌ಸ್ಟಿಕ್ ಎಳೆದು ಒರೆಸು, ಕೊನೆಯ ತನಕ ತಳ್ಳು, ಮತ್ತೆ ಎಳೆ. ಒಂದು ಮುಖದಲ್ಲಿ ಆಯಿಲ್ ಮೇಲಿನ ಗುರುತು ಮುಟ್ಟಿದ ಹಾಗೆ ಕಾಣುತ್ತದೆ. ತಿರುಗಿಸಿ ನೋಡಿದರೆ ಇನ್ನೊಂದು ಮುಖದಲ್ಲಿ ಅರ್ಧಕ್ಕೇ ನಿಂತಿರುತ್ತದೆ. ಕೊಳವೆಯ ಒಳಗೋಡೆಗೆ ಅಂಟಿದ ಆಯಿಲ್ ಬಳಿದುಕೊಂಡು ಬಂದು ಮಾಡುವ ಮೋಸ ಅದು. ಎರಡರಲ್ಲಿ ಕಡಿಮೆ ತೋರಿಸುವುದನ್ನೇ ನಂಬು. ಅನುಮಾನವಿದ್ದರೆ ಇನ್ನೆರಡು ಸಲ ಒರೆಸಿ ನೋಡು, ಆಫೀಸಿಗೆ ಐದು ನಿಮಿಷ ತಡವಾದರೆ ಆಗಲಿ. ಕೆಳಗಿನ ಗುರುತಿಗೂ ಮೇಲಿನದಕ್ಕೂ ನಡುವೆ ಹೆಚ್ಚುಕಡಿಮೆ ಒಂದು ಕ್ವಾರ್ಟು. ಡಿಕ್ಕಿಯಲ್ಲಿ ಸದಾ ಒಂದು ಡಬ್ಬಿ ಇರಲಿ.

ಶುರು ಮಾಡಿದ ಕೂಡಲೇ ಎಗರಬೇಡ. ಮೀಟರಿನ ಮುಳ್ಳು ತೋರಿಸುವುದು ನೀರಿನ ಬಿಸಿ, ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮೊದಲ ಹತ್ತು ನಿಮಿಷ ಮೂರು ಸಾವಿರ ಆರ್‌ಪಿಎಂ ದಾಟಿಸದೆ ಹೋಗು. ಹಾಗೆಯೇ, ಆರನೇ ಗೇರಿನಲ್ಲಿ ಸೋಮಾರಿಯಾಗಿ ಹೋಗುತ್ತಿರುವಾಗ ಮುಂದಿನವನನ್ನು ದಾಟಲು ಒಮ್ಮೆಲೇ ನೆಲ ಮುಟ್ಟುವ ತನಕ ಆಕ್ಸಿಲರೇಟರ್ ತುಳಿಯಬೇಡ. ಎರಡು ಗೇರು ಇಳಿಸಿ ಆಮೇಲೆ ತುಳಿ. ಈ ಇಂಜಿನ್ನಿನ ಸೆಳೆತವೆಲ್ಲ ಇರುವುದು ನಾಲ್ಕು ಸಾವಿರದ ಸುತ್ತ. ಅದಕ್ಕಿಂತ ತೀರಾ ಕೆಳಗಿದ್ದಾಗ ಟರ್ಬೋ ಒತ್ತಡ ಹೇರಿದರೆ ಒಳಗೆ ನಾಕ್ ಆಗುತ್ತದೆ, ಪಿಸ್ಟನ್ನಿನಲ್ಲಿ ರಿಂಗು ಕೂರುವ ಅಂಚುಗಳು ಬಿರುಕು ಬಿಡುತ್ತವೆ. ಪೆಟ್ರೋಲು 93 ಆಕ್ಟೇನಿನದೇ ಹಾಕು. 91ಕ್ಕಿಂತ ಕೆಳಗಿನದು ಕೂಡದು. ಊರೊಳಗೆ ಗ್ಯಾಲನ್ನಿಗೆ ಹದಿನಾರು ಹದಿನೇಳು ಮೈಲಿ ಕೊಟ್ಟರೆ ಪುಣ್ಯ, ತಿಂಗಳ ಲೆಕ್ಕಕ್ಕೆ ಇದನ್ನು ಈಗಲೇ ಸೇರಿಸಿಕೋ. ಟೈಮಿಂಗ್ ಬೆಲ್ಟು 1,05,000 ಮೈಲಿಗೆ, ವಾಟರ್ ಪಂಪೂ ಆಗಲೇ. ಹಿಂದಿನ ಮಾಲೀಕ ಮಾಡಿಸಿದ್ದೇನೆ ಅಂದರೆ ರಸೀದಿ ಕೇಳು. ಇಂಜಿನ್ನಿನ ಟ್ಯೂನ್ ಬದಲಿಸಿ ಇನ್ನೈವತ್ತು ಅಶ್ವಶಕ್ತಿ ಹಿಂಡಿಕೊಡುತ್ತೇವೆ ಅನ್ನುವವರು ನಿನಗೂ ಸಿಗುತ್ತಾರೆ. ದಿನಾ ಕೆಲಸಕ್ಕೆ ಒಯ್ಯುವ ಗಾಡಿ ಅದು, ನಮಸ್ಕಾರ ಹೇಳಿ ಕಳಿಸು.

ಉಪ್ಪು ಮರೆತೆ. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯೇ ಇದೆ. ರಸ್ತೆಗೆ ಸುರಿಯುವುದಕ್ಕೆ ಇವರಿಗೆ ಬರವೇ? ಹಿಮ ಕರಗಿದ ದಿನವೆಲ್ಲ ಗಾಡಿಯ ಹೊಟ್ಟೆ ತೊಳೆಸು. ಮೇಲೆ ಹೊಳೆಯುವುದು ಆಮೇಲೆ.

ವೇಗದ ಬಗ್ಗೆ ಉಪದೇಶ ಮಾಡುವಷ್ಟು ಸಾಚಾ ನಾನಲ್ಲ. ಆದರೂ ವುಡ್‌ವರ್ಡ್ ಅವೆನ್ಯೂದ ಸಿಗ್ನಲ್ಲಿನಲ್ಲಿ ಪಕ್ಕದ ಮಸ್ಟಾಂಗಿನವನು ಕೆಣಕುತ್ತಾನೆ. ಆ ರಸ್ತೆಗೆ ಅರವತ್ತರ ದಶಕದಿಂದಲೂ ಅದೇ ಚಾಳಿ. ನಗು, ಕೈ ಬೀಸು, ಹೋಗಲು ಬಿಡು. ಜೋರಾಗಿ ಓಡುವುದನ್ನು ನೋಡಲೇಬೇಕಾದರೆ ಚಳಿಗಾಲದಲ್ಲಿ ಉತ್ತರದ ಕಾಡುಗಳಲ್ಲಿ ಸ್ನೋಡ್ರಿಫ್ಟ್ ರ‍್ಯಾಲಿ ನಡೆಯುತ್ತದೆ, ಇಬ್ಬರೂ ಹೋಗೋಣ. ಅಲ್ಲಿ ಅವರು ಎಷ್ಟು ಜೋರಾಗಿ ಹೋಗುತ್ತಾರೆ ಅನ್ನುವುದಕ್ಕಿಂತ ತಿರುವಿಗೆ ಎಷ್ಟು ಮುಂಚೆ ಬ್ರೇಕ್ ಒತ್ತುತ್ತಾರೆ ಅನ್ನುವುದನ್ನು ನೋಡು. ಚಿಕ್ಕಮಗಳೂರಿನ ಧೂಳಿನಲ್ಲಿ ಅದು ನಿನಗೆ ಕಂಡಿರಲಿಕ್ಕಿಲ್ಲ.

ಮೇ ತಿಂಗಳಲ್ಲಿ ಅಕ್ಕ ಭಾವ ಬರುತ್ತಾರಲ್ಲ, ಆಗ ನನ್ನ ಗಾಡಿ ತಗೊಂಡು ಹೋಗು, ನಿನ್ನದು ಇಲ್ಲಿರಲಿ. ನಿನ್ನದರ ಸಸ್ಪೆನ್ಷನ್ನು ಅಕ್ಕನ ಸೊಂಟಕ್ಕೆ ಆಗಿಬರುವುದಿಲ್ಲ. ನನಗೂ ಎರಡು ವಾರ ಓಡಿಸಿದ ಹಾಗಾಗುತ್ತದೆ, ನಿಜ ಹೇಳಬೇಕೆಂದರೆ ಅದೇ ಕಾರಣ.

ಈ ಶನಿವಾರ ಬಾ. ಜ್ಯಾಕು, ಟಾರ್ಕ್ ರೆಂಚು ಎರಡೂ ಇವೆ, ನಾಲ್ಕು ಟೈರಿನ ಬಟನ್ ಅಳೆದು ಬರೆದಿಟ್ಟುಕೊಳ್ಳೋಣ. ಹಿಂದಿನ ರಾತ್ರಿಯೇ ಬಂದು ಉಳಿದುಕೊಂಡರೆ ಇನ್ನೂ ಒಳ್ಳೆಯದು, ಬೆಳಗ್ಗೆ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಬಹುದು. ನಿನ್ನ ಅತ್ತೆ ವಾಪಸ್ ಹೋಗುವಾಗ ಹುಳಿ ಕಟ್ಟಿಕೊಡುತ್ತಾಳಂತೆ. ಈ ಸಲ ಮುಚ್ಚಳಕ್ಕೆ ತಿರುಪಿರುವ ಡಬ್ಬಿ ಹುಡುಕಿಟ್ಟಿದ್ದಾಳೆ.

ನಿನ್ನ ಮಾವ